ಕೆಸರುಮೀನಿನ ಒಂದು ನೆಗೆತ

“ಜಟ್ಟಿ, ಹೊಂಡ ನೋಡಾ! ಹೊಂಡ ನೋಡಾ ಮಾರಾಯ!”

ಅಘನಾಶಿನಿಯಿಂದ ಕುಮಟೆಗೆ ಬರುವ ರಸ್ತೆಯಲ್ಲಿ ಹೊಂಡ ತಪ್ಪಿಸುವುದೆಂದರೆ ರಸ್ತೆಯನ್ನೇ ತಪ್ಪಿಸಬೇಕು. ಇದು ರಿಕ್ಷಾದ ಜಟ್ಟಿಗೂ ಗೊತ್ತು, ಹಿಂದೆ ಕುಳಿತ ವಿನುತಾಳಿಗೂ ಗೊತ್ತು. ಆದರೂ ಕಾಗಾಲ ದಾಟುವವರೆಗೆ ಅವಳು ಬಾಯಿ ಮುಚ್ಚಲಿಲ್ಲ. ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಕ್ಯಾಮೆರಾ, ಕಾಲ ಬುಡದಲ್ಲಿ ಕಾರಿನ ಬ್ಯಾಟರಿ, ಎರಡರ ನಡುವೆ ಒಂದು ಕೆಂಪು ವೈರು, ಒಂದು ಕಪ್ಪು ವೈರು. ಸೀರೆಯ ಅಂಚಿನ ಕೆಸರು ಒಣಗಿ ಬಿರಿಯುತ್ತಿತ್ತು. ಅದನ್ನು ಕೊಡವಿಕೊಳ್ಳುವುದಕ್ಕೂ ಕೈ ಬಿಡುವಿಲ್ಲ. ಒಂದು ಕೈ ಕ್ಯಾಮೆರಾದ ಮೇಲೆ, ಇನ್ನೊಂದು ಕೈಯ ಬೆರಳು ಬ್ಯಾಟರಿಯ ತಲೆಯ ಮೇಲೆ, ವೈರು ಕಳಚದ ಹಾಗೆ ಒತ್ತಿ ಹಿಡಿದಿದ್ದಳು.

“ಮೇಡಂ, ಅದ್ನ ಬಂದ್ ಮಾಡಿ ಚೀಲಕ್ಕೆ ಹಾಕ್ಕಂಡ್ರೆ ಆಗ್ತಿತ್ತಲ್ಲ?” ಎಂದ ಜಟ್ಟಿ.

“ಬಂದ್ ಮಾಡಿದ್ರೆ ಎಲ್ಲಾ ಹೋಗ್ತದೆ!”

“ಎಲ್ಲಾ ಅಂದ್ರೆ ಎಂತದು?”

“ಎಲ್ಲಾ ಅಂದ್ರೆ ಎಲ್ಲಾ. ನೀ ಮುಂದೆ ನೋಡು.”

ಎಲ್ಲಾ ಅಂದರೆ ಒಂದು ಮೀನಿನ ಒಂದು ನೆಗೆತ. ಅಷ್ಟೇ. ಕೇಳಿದವರು ನಗಬೇಕು, ನಕ್ಕೂ ಇದ್ದರು. ವಿನುತಾ ಕುಮಟೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವವಳು. ಹುಟ್ಟಿದ್ದು ಮಿರ್ಜಾನದ ಹೊಳೆಬದಿಯಲ್ಲಿ. ಇಳಿತದಲ್ಲಿ ನೀರು ಸರಿದ ಮೇಲೆ ಕೆಸರಿನ ಮೇಲೆ ಕುಪ್ಪಳಿಸುತ್ತ ಓಡಾಡುವ ಆ ಬೆರಳುದ್ದದ, ಗುಡ್ಡೆಗಣ್ಣಿನ ಮೀನುಗಳನ್ನು ಲಂಗ ತೊಡುತ್ತಿದ್ದ ದಿನಗಳಿಂದಲೂ ನೋಡುತ್ತ ಬಂದವಳು. ನೀರು ಬಿಟ್ಟು ನೆಲಕ್ಕೆ ಬಂದ ಮೀನು ಕಾಲಿಲ್ಲದೆ ಹೇಗೆ ನೆಗೆಯುತ್ತದೆ ಎಂಬುದೇ ಅವಳ ಪಿಎಚ್.ಡಿ. “ಬಾಲ ಒದ್ದು ನೆಗೆಯುತ್ತದೆ, ಅದರಲ್ಲಿ ಹೊಸತೇನೂ ಇಲ್ಲ” ಎನ್ನುವುದು ಅವಳ ಗೈಡ್ ಕೃಷ್ಣಾನಂದ ಸರ್ ಮಾತು. “ಅಲ್ಲ ಸರ್, ಮೊದಲು ಎದೆಯ ಎರಡು ರೆಕ್ಕೆ ನೆಲಕ್ಕೆ ಊರಿ ಮೈ ಎತ್ತುತ್ತದೆ, ಬಾಲ ಆಮೇಲೆ” ಎನ್ನುವುದು ಇವಳದ್ದು. ಒಂದು ಸೆಮಿನಾರಿನಲ್ಲಿ ಇದನ್ನು ಹೇಳಿದಾಗ ಯಾರೋ ಒಬ್ಬ, ಮೇಡಮ್ಮಿನ ಕಣ್ಣು ಕ್ಯಾಮೆರಾಕ್ಕಿಂತ ಚುರುಕಾಗಿದೆ ಎಂದಿದ್ದ. ಇಡೀ ಹಾಲ್ ನಕ್ಕಿತ್ತು. ಆ ನಗು ಅವಳ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು. ಈ ವರ್ಷ, ಅಂದರೆ ಎರಡು ಸಾವಿರದ ಎರಡರಲ್ಲಿ, ಥೀಸಿಸ್ ಕೊಡದಿದ್ದರೆ ನೋಂದಣಿಯೇ ರದ್ದು. ಥೀಸಿಸ್ಸಿನ ಜೀವವೆಲ್ಲ ಇದ್ದದ್ದು ಮೂರನೆಯ ಅಧ್ಯಾಯದಲ್ಲಿ, ಆ ರೆಕ್ಕೆಯ ಮೇಲೆ.

ಕಾಡಿ ಬೇಡಿ ಬೆಂಗಳೂರಿನಿಂದ ಈ ಕ್ಯಾಮೆರಾ ತರಿಸಿದ್ದಳು. ಒಂದು ಸೆಕೆಂಡಿಗೆ ಸಾವಿರ ಚಿತ್ರ ತೆಗೆಯುವಂಥದು. ಆದರೆ ಇದಕ್ಕೆ ಟೇಪಿಲ್ಲ. ತೆಗೆದ ಚಿತ್ರವೆಲ್ಲ ಅದರ ಹೊಟ್ಟೆಯಲ್ಲೇ ಇರುತ್ತದೆ, ಅದೂ ಕರೆಂಟ್ ಇರುವವರೆಗೆ ಮಾತ್ರ. ಕರೆಂಟ್ ತಪ್ಪಿತೋ, ಎಲ್ಲ ಮರೆತು ಹುಟ್ಟಿದ ಮಗುವಿನ ಹಾಗೆ ಕಣ್ಣು ಪಿಳಿಪಿಳಿ ಬಿಡುತ್ತದೆ. ಅದಕ್ಕೆಂದೇ ಜೊತೆಗೊಂದು ಲ್ಯಾಪ್‌ಟಾಪ್ ಕೊಟ್ಟಿದ್ದರು. ಅದು ಎರಡನೇ ದಿನವೇ ಕೈಜಾರಿ ಬಿದ್ದು ಉಪ್ಪುನೀರು ಕುಡಿದು ತೀರಿಕೊಂಡಿತು. ಉಳಿದ ದಿನವೆಲ್ಲ ಮೀನುಗಳು ಇವಳನ್ನು ಆಡಿಸಿದವು: ಬಟನ್ ಒತ್ತುವ ಮುಂಚೆ ನೆಗೆದವು, ಒತ್ತಿದ ಮೇಲೆ ಸುಮ್ಮನೆ ಕುಳಿತವು, ಬೆನ್ನು ತೋರಿಸಿದವು. ಕೊನೆಯ ದಿನ, ಇವತ್ತು ಬೆಳಿಗ್ಗೆ, ಒಂದು ಪುಣ್ಯಾತ್ಮ ಮೀನು ಕ್ಯಾಮೆರಾಕ್ಕೆ ಸರಿಯಾಗಿ ಪಕ್ಕೆ ಕೊಟ್ಟು ನಿಂತು, ಒಂದು ಗಳಿಗೆ ಯೋಚನೆ ಮಾಡಿ, ನೆಗೆಯಿತು. ಸಂಜೆಯ ಬಸ್ಸಿಗೆ ಕ್ಯಾಮೆರಾ ಬೆಂಗಳೂರಿಗೆ ವಾಪಸ್ ಹೋಗಬೇಕು. ಅಷ್ಟರೊಳಗೆ ಆ ನೆಗೆತವನ್ನು ಅದರ ಹೊಟ್ಟೆಯಿಂದ ಹೊರಗೆ ತೆಗೆದು ಎಲ್ಲಾದರೂ ಇಡಬೇಕು. ಕ್ಯಾಮೆರಾದ ಬೆನ್ನ ಮೇಲಿನ ಕೆಂಪು ದೀಪ ಆಗಲೇ ಮಿಟುಕತೊಡಗಿತ್ತು.

“ಜೋರಾಗಿ ಹೊಡಿ ಜಟ್ಟಿ!”

“ಹೊಂಡ ನೋಡು ಅಂದ್ರಿ, ಈಗ ಜೋರಾಗಿ ಹೊಡಿ ಅಂತ್ರಿ. ಯಾವ್ದು ಮಾಡುದು ನಾನು?”

“ಎರಡೂ ಮಾಡಾ!”

ಶ್ರೀಧರನ ವಿಡಿಯೋ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿತ್ತು. ಅವನು ವಿನುತಾಳ ಹಳೆಯ ವಿದ್ಯಾರ್ಥಿ. ಕಪ್ಪೆಯ ಹೊಟ್ಟೆ ಸೀಳುವ ದಿನ ತಾನೇ ತಲೆ ತಿರುಗಿ ಬಿದ್ದು, ಮುಂದೆ ಎರಡು ಸಲ ಫೇಲಾಗಿ, ಮದುವೆ ವಿಡಿಯೋಕ್ಕೆ ಇಳಿದವನು. ಈಗ ಕುಮಟೆ, ಹೊನ್ನಾವರ, ಭಟ್ಕಳ ಎಲ್ಲಿ ಚಪ್ಪರ ಎದ್ದರೂ ಅಲ್ಲಿ ಇವನ ಕ್ಯಾಮೆರಾ. ಬೆಂಗಳೂರಿನ ಕ್ಯಾಮೆರಾದ ವೈರು ಸಿಕ್ಕಿಸಲು ಬೇಕಾದ ಕಿಂಡಿ ಇದ್ದ ಕಂಪ್ಯೂಟರು ಊರಿಗೆಲ್ಲ ಅವನದೊಂದೇ. ವಿನುತಾ ಎರಡು ದಿನ ಮೊದಲೇ ಬಂದು ತನ್ನ ಪ್ರೋಗ್ರಾಮಿನ ಸಿಡಿ ಅದಕ್ಕೆ ಹಾಕಿಸಿಟ್ಟಿದ್ದಳು. ಒಂದು ಮಾತು ಮಾತ್ರ ಕೇಳುವುದನ್ನು ಮರೆತಿದ್ದಳು.

ಅದು ಮದುವೆಯ ಕಾಲ. ಅಂಗಡಿಯಲ್ಲಿ ಹೊನ್ನಾವರದ ಕಡೆಯ ಒಂದು ಸಂಸಾರ ಬೆಂಚಿನ ಮೇಲೆ ಸಾಲಾಗಿ ಕುಳಿತು ಆಲ್ಬಮ್ಮಿನ ಫೋಟೋ ಆರಿಸುತ್ತಿತ್ತು. ಕೆಸರು ಕಾಲಿನ, ಕೂದಲು ಕೆದರಿದ ಲೆಕ್ಚರರಮ್ಮ ಒಬ್ಬಳು ಮುಂದೆ, ಬ್ಯಾಟರಿ ಹೊತ್ತ ರಿಕ್ಷಾದವನು ಹಿಂದೆ, ಇಬ್ಬರೂ ಒಂದೇ ವೈರಿನಲ್ಲಿ ಕಟ್ಟಿದ ಎತ್ತುಗಳ ಹಾಗೆ ಒಳಗೆ ನುಗ್ಗಿದ್ದನ್ನು ಕಂಡು ಅವರೆಲ್ಲ ಕಾಲು ಮಡಚಿಕೊಂಡರು.

“ಕರೆಂಟ್ ಅದ್ಯಾ ಶ್ರೀಧರಾ?”

“ಈಗ ಅದೆ ಮೇಡಂ. ಎರಡಕ್ಕೆ ಹೋಗ್ತದೆ. ಎಂತ, ಸಿಕ್ತಾ ಮೀನು?”

“ಸಿಕ್ತು. ಬೇಗ ಬೇಗ. ಬ್ಯಾಟರಿ ಸಾಯ್ತಾ ಅದೆ.”

“ಗೋಡೆಗೆ ಪ್ಲಗ್ ಹಾಕ್ಲಾ?”

“ಹಾಕುಕೆ ಈ ವೈರು ಕೀಳ್ಬೇಕು. ಕಿತ್ತರೆ ಹೋಯ್ತು. ಮುಟ್ಟಬೇಡ!”

ವೈರು ಸಿಕ್ಕಿಸಿದರು, ಪ್ರೋಗ್ರಾಂ ತೆರೆದರು. ಪರದೆಯ ಮೇಲೆ ಮೀನು ಬಂತು, ಮಸುಕು ಮಸುಕಾಗಿ, ಗುಡ್ಡೆಗಣ್ಣು ಬಿಟ್ಟುಕೊಂಡು. ವಿನುತಾಳ ಎದೆ ತಂಪಾಯಿತು. ಅದಾದ ಮರುಕ್ಷಣವೇ ಒಂದು ಬೂದು ಬಣ್ಣದ ಚೌಕ ಎದ್ದು ನಿಂತು, ಡಿಸ್ಕಿನಲ್ಲಿ ಜಾಗವಿಲ್ಲ ಎಂದಿತು.

“ಜಾಗ ಇಲ್ಲ ಅಂದ್ರೆ ಎಂತ ಅರ್ಥ?”

“ಫುಲ್ ಆಗದೆ ಮೇಡಂ. ಸೀಸನ್ ಅಲ್ದಾ?” ಶ್ರೀಧರ ತಲೆ ಕೆರೆದುಕೊಂಡ. “ಒಂದು ಕೆಲಸ ಮಾಡ್ವ. ಇದ್ನ ಸಣ್ಣದು ಮಾಡಿ ತಕಂಬುದು. ಒಂದು ಸಿಡೀಲಿ ಆರಾಮ ಕೂರ್ತದೆ. ನಮ್ಮ ಮದುವೆ ಎಲ್ಲಾ ಹಂಗೇ ಮಾಡುದು, ಯಾರಿಗೂ ಗೊತ್ತೇ ಆಗುದಿಲ್ಲ.”

ವಿನುತಾಳಿಗೆ ತಲೆ ಕೆಟ್ಟೇ ಹೋಯಿತು. “ಸಣ್ಣದು ಮಾಡಿದ್ಯೋ, ಕೈ ಮುರೀತೆ ನಿಂದು! ಮದುವೆ ಅಂತ ತಿಳ್ಕಂಡ್ಯಾ ಇದ್ನ? ಸಣ್ಣದು ಮಾಡುದು ಅಂದ್ರೆ ಎಂತ ಮಾಡ್ತದೆ ಗೊತ್ತಿದ್ಯಾ ನಿಂಗೆ? ಅದಕ್ಕೆ ಮುಖ್ಯ ಅಲ್ಲ ಅನ್ಸಿದ್ದನ್ನೆಲ್ಲ ಬಿಸಾಕ್ತದೆ. ಯಾವ್ದು ಮುಖ್ಯ ಅಂತ ಅದಕ್ಕೆಂತ ಗೊತ್ತು? ಇದ್ದದ್ದು ಇದ್ದ ಹಂಗೇ ಬೇಕು ನಂಗೆ. ಒಂದೇ ಒಂದು ಚುಕ್ಕೆ ಹೋದ್ರೂ ನನ್ನ ಏಳು ವರ್ಷ ಹೋದ ಹಾಗೆ. ತಿಳೀತಾ?”

ಬೆಂಚಿನ ಮೇಲಿನ ಸಂಸಾರ ಆಲ್ಬಂ ಮುಚ್ಚಿಕೊಂಡು ಕಣ್ಣು ಬಿಟ್ಟು ನೋಡುತ್ತಿತ್ತು. ಶ್ರೀಧರನ ಮುಖ ಕೆಂಪಾಯಿತು. ಕ್ಲಾಸಿನಲ್ಲಿ ಬೈಸಿಕೊಂಡ ದಿನಗಳಂತೆ ನೆಲ ನೋಡಿದ.

“ಹಂಗಾದ್ರೆ ಎಂತಾರೂ ಒಂದು ಅಳಿಸ್ಬೇಕು.”

“ಅಳಿಸು.”

“ಎಲ್ಲಾ ಬೇರೆಯವ್ರದ್ದು ಮೇಡಂ. ಇನ್ನೂ ಕೊಟ್ಟದ್ದಲ್ಲ.”

“ಒಂದೂ ಇಲ್ವಾ ಅಳಿಸುವಂತದ್ದು? ಇಡೀ ಕಂಪ್ಯೂಟ್ರಲ್ಲಿ ಒಂದೂ ಇಲ್ವಾ?”

ಕ್ಯಾಮೆರಾದ ದೀಪ ಮಿಟುಕುವುದು ಜೋರಾಯಿತು. ಶ್ರೀಧರ ಮೌಸ್ ಹಿಡಿದು ಯಾವುದೋ ಒಂದು ಹೆಸರಿನ ಮೇಲೆ ತಂದು ನಿಲ್ಲಿಸಿದ, ಬೆರಳು ಮಾತ್ರ ಒತ್ತಲಿಲ್ಲ.

“ಎಂತ ನೋಡ್ತೆ? ಒತ್ತಾ!” ಎಂದು ವಿನುತಾ ಚೀರಿದಳು.

ಅವನು ಒತ್ತಿದ.

ಪರದೆಯ ತಳದಲ್ಲಿ ನೀಲಿ ಪಟ್ಟಿ ಹುಟ್ಟಿಕೊಂಡು ಬಸವನಹುಳದ ಹಾಗೆ ಬಲಕ್ಕೆ ಹೊರಟಿತು. ವಿನುತಾ ಕುಳಿತಳು, ಎದ್ದಳು, ಗಲ್ಲಿಯ ತುದಿಯವರೆಗೆ ಹೋಗಿ ತಿರುಗಿ ಓಡಿ ಬಂದಳು. ಪಟ್ಟಿ ಅಲ್ಲೇ ಇತ್ತು. ಜಟ್ಟಿ ತಂದುಕೊಟ್ಟ ಸೋಡಾ ಬಿಸಿಯಾಗುವವರೆಗೆ ಕೈಯಲ್ಲೇ ಹಿಡಿದಿದ್ದಳು. ಬ್ಯಾಟರಿಯನ್ನು ಮುಟ್ಟಿ ನೋಡಿದಳು, ಮುಟ್ಟಿದ್ದಕ್ಕೆ ತಾನೇ ಹೆದರಿ ಕೈ ತೆಗೆದಳು. ಕೆಂಪು ದೀಪ ನೋಡಬಾರದೆಂದು ಗೋಡೆಯ ಕಡೆ ತಿರುಗಿದರೆ ಗೋಡೆಯ ತುಂಬ ನಗುತ್ತಿರುವ ಮದುಮಕ್ಕಳು. ಯಾರಿಗಾದರೂ ಎರಡು ಬಾರಿಸಿಬಿಡೋಣ ಅನ್ನಿಸಿತು. ಎರಡಕ್ಕೆ ಹೇಳಿದ ಹಾಗೆ ಕರೆಂಟ್ ಹೋಯಿತು, ಫ್ಯಾನ್ ನಿಂತಿತು, ಯುಪಿಎಸ್ ಕುಂಯ್ ಕುಂಯ್ ಎಂದು ಅಳತೊಡಗಿತು. ಶ್ರೀಧರ ಹಿತ್ತಿಲಿಗೆ ಓಡಿ ಜನರೇಟರಿನ ಹಗ್ಗ ಎಳೆದ, ಎಳೆದ, ಬೈದು ಎಳೆದ. ಅದು ಗುಡುಗಿ ಹೊಗೆ ಬಿಟ್ಟುಕೊಂಡು ಎದ್ದಿತು. ಆ ಹೊಗೆಯಲ್ಲಿ ಕೆಮ್ಮುತ್ತ ಅವಳು ಪಟ್ಟಿಯನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ ನಿಂತಳು. ಪಟ್ಟಿ ತುದಿ ಮುಟ್ಟಿತು. ಸ್ವಲ್ಪ ಹೊತ್ತಿಗೆ ಕ್ಯಾಮೆರಾದ ದೀಪ ತಾನಾಗಿಯೇ ಆರಿತು. ವಿನುತಾ ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಗಟ್ಟಿಯಾಗಿ ನಕ್ಕಳು. ಶ್ರೀಧರನೂ ನಕ್ಕ, ಆದರೆ ಅಷ್ಟೇನೂ ಅಲ್ಲ. ಅದನ್ನು ಅವಳು ಕಂಡಳು, ಕಂಡರೂ ತಲೆಗೆ ಹಾಕಿಕೊಳ್ಳಲಿಲ್ಲ. ಕ್ಯಾಮೆರಾ ಪ್ಯಾಕ್ ಮಾಡುವುದಿತ್ತು, ಬಸ್ಸಿಗೆ ಹಾಕುವುದಿತ್ತು.

ಮರುದಿನ ಶ್ರೀಧರ ಕಾಲೇಜಿನ ಸ್ಟಾಫ್‌ರೂಮಿಗೇ ಬಂದು ಒಂದು ಸಿಡಿ ಕೊಟ್ಟು ಹೋದ. ದೊಡ್ಡದು ಕಂಪ್ಯೂಟ್ರಲ್ಲಿ ಹಂಗೇ ಅದೆ, ಮುಟ್ಟಲಿಲ್ಲ, ಇದು ನಿಮ್ಗೆ ಟೀವೀಲಿ ನೋಡುಕೆ ಅಂತ ಮಾಡ್ದೆ, ಎಂದ. ವಿನುತಾಳಿಗೆ ತಡೆಯುವುದಕ್ಕಾಗಲಿಲ್ಲ. ಎಲ್ಲರನ್ನೂ ಕೂರಿಸಿ ಅಲ್ಲೇ ಹಾಕಿದಳು. ಮೊದಲು ಎರಡು ಕೆಂಪು ಗುಲಾಬಿ ಎಡಬಲದಿಂದ ಬಂದು ಕೂಡಿಕೊಂಡವು. ಹೃದಯದ ಆಕಾರದ ಕಿಂಡಿ ತೆರೆದು, ಅದರೊಳಗೆ ಕೆಸರುಮೀನು ಕಾಣಿಸಿತು. ಹಿಂದಿನಿಂದ ನಾದಸ್ವರ! ಸ್ಟಾಫ್‌ರೂಮಿನಲ್ಲಿ ನಗೆಯ ಬುಗ್ಗೆಯೆದ್ದಿತು. ಪಾಪ, ಶ್ರೀಧರನಿಗೆ ಕೈ ಕೂತ ಕೆಲಸ, ಗುಲಾಬಿ ಇಲ್ಲದೆ ಸಿಡಿ ಮಾಡಲು ಬರುವುದೇ ಇಲ್ಲ. ಆದರೆ ನಾದಸ್ವರ ಏರುತ್ತಿದ್ದ ಹಾಗೆ ಮೀನು ತನ್ನ ಎದೆಯ ಎರಡು ರೆಕ್ಕೆಗಳನ್ನು ನಿಧಾನವಾಗಿ, ಮುದುಕಿ ನೆಲಕ್ಕೆ ಕೈ ಊರಿ ಏಳುವ ಹಾಗೆ, ಕೆಸರಿಗೆ ಊರಿತು. ಬಾಲ ಅಲುಗಲಿಲ್ಲ. ರೆಕ್ಕೆ ಮೈಯನ್ನು ಎತ್ತಿತು, ಬಾಲ ಅಲುಗಲಿಲ್ಲ. ಆಮೇಲೆ ಒಮ್ಮೆಗೇ ಬಾಲ ಬೀಸಿ ಮೀನು ಹಾರಿತು.

“ನೋಡಿ! ನೋಡಿದ್ರಾ? ರೆಕ್ಕೆ ಮೊದಲು!”

ಅವಳು ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ. ಕಾಲು ನೆಲಕ್ಕೆ ಹತ್ತಲಿಲ್ಲ. ಪೇಡೆ ತರಿಸಿ ಎಲ್ಲರಿಗೂ ಹಂಚಿದಳು. ಪ್ರಿನ್ಸಿಪಾಲರ ಕೋಣೆಯಿಂದ ಧಾರವಾಡಕ್ಕೆ ಫೋನ್ ಮಾಡಿ, ಸರ್, ರೆಕ್ಕೆಯೇ ಮೊದಲು, ಕಣ್ಣಾರೆ ಕಂಡೆ ಎಂದಳು. ಕೃಷ್ಣಾನಂದ ಸರ್ ದೊಡ್ಡ ಮನುಷ್ಯರು, ಸೋಲಿಗೆ ಮುಖ ಸಣ್ಣದು ಮಾಡುವವರಲ್ಲ. “ಬಹಳ ಸಂತೋಷ ವಿನುತಾ, ನಾನೇ ತಪ್ಪಿರಬಹುದು” ಎಂದರು. ಫೋನ್ ಇಡುವಾಗ, “ಮೂಲದ ಚಿತ್ರ ಕಳಿಸು. ನೆಗೆಯುವ ಮೊದಲಿನದ್ದೂ ಸೇರಲಿ” ಎಂದು ಒಂದು ಮಾತು ಸೇರಿಸಿದರು.

ಹಾಗಾಗಿ ಅವಳು ಮೂಲದ ಚಿತ್ರ ತೆಗೆದುಕೊಳ್ಳಲು ಮತ್ತೆ ಶ್ರೀಧರನ ಅಂಗಡಿಗೆ ಬಂದದ್ದು, ಆ ಶನಿವಾರ, ಮಧ್ಯಾಹ್ನದ ಹೊತ್ತಿಗೆ. ಗಿರಾಕಿಗಳು ಇರಲಿಲ್ಲ. ಶ್ರೀಧರ ಪಕ್ಕದಲ್ಲಿ ಕುಳಿತು ತನ್ನ ಮದುವೆ ಕ್ಯಾಮೆರಾದ ಟೇಪು ಸುತ್ತುತ್ತಿದ್ದ. ವಿನುತಾ ಚಿತ್ರಗಳನ್ನು ಒಂದೊಂದಾಗಿ ಸರಿಸತೊಡಗಿದಳು. ಎಷ್ಟು ಸ್ಪಷ್ಟ! ಮೀನಿನ ಮೈಮೇಲಿನ ಲೋಳೆಯ ಹೊಳಪು, ಕೆಸರಿನ ಮೇಲೆ ಸಣ್ಣ ಸಣ್ಣ ಗುಳ್ಳೆ, ಎಲ್ಲ ಇದ್ದದ್ದು ಇದ್ದ ಹಾಗೆ. ರೆಕ್ಕೆ ಊರುವಲ್ಲಿಗೆ ಬಂದಳು. ಅಲ್ಲಿಂದ ಹಿಂದಕ್ಕೆ ಸರಿದಳು, ಸರ್ ಹೇಳಿದ್ದರಲ್ಲ.

ಹಿಂದಕ್ಕೆ ಸರಿಯುತ್ತ ಅವಳ ಕೈ ನಿಂತಿತು. ಬಾಲದ ತುದಿಯಲ್ಲಿ ಒಂದು ಕೆಸರಿನ ಹರಳು ಇತ್ತು. ಮುಂದಿನ ಚಿತ್ರದಲ್ಲಿ ಅದು ಇದ್ದಲ್ಲೇ ಇರಲಿಲ್ಲ. ಕೂದಲೆಳೆಯಷ್ಟು ಸರಿದಿತ್ತು. ಅದರ ಮುಂದಿನದ್ದರಲ್ಲಿ ಇನ್ನಷ್ಟು. ಬಾಲ ಮಡಚಿಕೊಳ್ಳುತ್ತಿತ್ತು. ತಣ್ಣಗೆ, ಕಳ್ಳನ ಹಾಗೆ, ಕೆಸರಿನೊಳಗೆ ಕೆಸರಾಗಿ, ನೆಲಕ್ಕೆ ಒತ್ತು ಕೊಡುತ್ತಿತ್ತು. ರೆಕ್ಕೆಗಳು ಇನ್ನೂ ಎದೆಗೆ ಅಂಟಿಕೊಂಡೇ ಇದ್ದವು. ಬಾಲ ಮೈಯನ್ನು ಮುಂದಕ್ಕೆ ನೂಕಿದ ಮೇಲೆ, ಬೀಳದ ಹಾಗೆ ಅವು ನೆಲ ಹಿಡಿದುಕೊಂಡಿದ್ದವು, ಅಷ್ಟೇ.

ಅವಳು ಮುಂದೆ ಹೋದಳು, ಹಿಂದೆ ಬಂದಳು. ಮತ್ತೆ ಮುಂದೆ, ಮತ್ತೆ ಹಿಂದೆ. ಕಣ್ಣುಜ್ಜಿಕೊಂಡಳು. ಚೀಲದಿಂದ ಸಿಡಿ ತೆಗೆದು ಅದನ್ನೂ ಹಾಕಿ ಅದೇ ಜಾಗದಲ್ಲಿ ನಿಲ್ಲಿಸಿದಳು. ಅದರಲ್ಲಿ ಬಾಲವಿದ್ದ ಕಡೆ ಒಂದು ಕಂದು ಚೌಕವಿತ್ತು. ಬಾಲಕ್ಕೂ ಕೆಸರಿಗೂ ಒಂದೇ ಬಣ್ಣ. ಸಣ್ಣದು ಮಾಡುವಾಗ ಯಂತ್ರ ಇಲ್ಲಿ ಏನೂ ಅಲುಗುತ್ತಿಲ್ಲ ಎಂದುಕೊಂಡು ಆ ಚೌಕವನ್ನು ಹಾಗೇ ಬಿಟ್ಟಿತ್ತು. ಅಲುಗಾಟ ದೊಡ್ಡದಾದ ಮೇಲಷ್ಟೇ ಎಚ್ಚರಾಗಿತ್ತು. ಅಲ್ಲಿಗೆ ಬಾಲ ಆಮೇಲೆ ಬಂದಂತಾಗಿತ್ತು.

ಸರ್ ಹೇಳಿದ್ದೇ ಸರಿ. ತೊಂಬತ್ತೈದರಿಂದ ಅವಳು ಜಗಳಾಡಿದ್ದೆಲ್ಲ ತಪ್ಪು. ಸೆಮಿನಾರಿನಲ್ಲಿ ನಕ್ಕವನು ನಕ್ಕದ್ದೇ ಸರಿ. ಮೂರನೆಯ ಅಧ್ಯಾಯ ಹೋಯಿತು. ಈ ವರ್ಷ ಥೀಸಿಸ್ ಹೋಯಿತು. ಸ್ಟಾಫ್‌ರೂಮಿನವರ ಬಾಯಲ್ಲಿ ಪೇಡೆಯ ಸಿಹಿ ಇನ್ನೂ ಆರಿರಲಿಕ್ಕಿಲ್ಲ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೀನಿನ ಮೇಲೆ, ಬೆಂಗಳೂರಿನ ಕ್ಯಾಮೆರಾದ ಮೇಲೆ, ಇಷ್ಟು ಚೆಂದಕ್ಕೆ ಚಿತ್ರ ಉಳಿಸಿಕೊಟ್ಟ ಈ ಶ್ರೀಧರನ ಮೇಲೂ.

ಅವನೋ, ಏನೂ ತಿಳಿಯದೆ ಕೇಳಿದ: “ಮೇಡಂ, ನಿಮ್ದು ಮುಗೀತಾ? ನಾಳೆ ಹೊನ್ನಾವರದಲ್ಲಿ ದೊಡ್ಡ ಮದುವೆ ಅದೆ, ಜಾಗ ಬೇಕು. ಈ ದೊಡ್ಡದು ಅಳಿಸ್ಲಾ? ಹೆಂಗೂ ಸಿಡಿ ನಿಮ್ಮ ಹತ್ರ ಅದೆಯಲ್ಲ.”

ವಿನುತಾ ಅವನ ಮುಖ ನೋಡಿದಳು. ಅಳಿಸು ಎಂದರೆ ಮುಗಿಯಿತು. ಕರೆಂಟ್ ಕೈಕೊಟ್ಟಿತು ಸರ್, ಡಿಸ್ಕ್ ಹಾಳಾಯಿತು ಸರ್, ಸಿಡಿ ಒಂದೇ ಉಳಿದದ್ದು. ಕುಮಟೆಯ ಕರೆಂಟಿನ ಬಗ್ಗೆ ಏನು ಹೇಳಿದರೂ ಧಾರವಾಡದಲ್ಲಿ ನಂಬುತ್ತಾರೆ. ಸಿಡಿಯಲ್ಲಿ ರೆಕ್ಕೆ ಮೊದಲು ಅಲುಗುವುದನ್ನು ಹತ್ತು ಜನ ಕಂಡಿದ್ದಾರೆ. ಅವಳೇನು ಸುಳ್ಳು ಸೃಷ್ಟಿ ಮಾಡಬೇಕಾಗಿರಲಿಲ್ಲ, ಸುಮ್ಮನೆ ತಲೆ ಆಡಿಸಿದರೆ ಸಾಕಿತ್ತು. ಅವಳು ಹೂಂ ಎನ್ನಲು ಬಾಯಿ ತೆರೆದಳು.

ಅಷ್ಟರಲ್ಲಿ ಊಟದ ಕ್ಯಾರಿಯರ್ ಹಿಡಿದು ಶ್ರೀಧರನ ಅಪ್ಪ ಬೀರಪ್ಪ ಒಳಗೆ ಬಂದ. ಎತ್ತರದ ಆಳು, ಗಂಟು ಹಾಕಿದ ಹುಬ್ಬು, ನಕ್ಕರೂ ಸಿಟ್ಟಾದ ಹಾಗೇ ಕಾಣುವ ಮುಖ. ವಿನುತಾಳನ್ನು ಕಂಡು, “ಓಹೋ ಅಕ್ಕೋರು” ಎಂದು ಕ್ಯಾರಿಯರ್ ಮೇಜಿನ ಮೇಲಿಟ್ಟು, ಮಗನ ಕಡೆ ತಿರುಗಿದ.

“ತಮಾ, ಮಾಲಿನಿ ಗಂಡನ ಮನೆಯಿಂದ, ಬೆಳಕೆಯಿಂದ ಫೋನ್ ಮಾಡಿತ್ತು. ಚಲೋ ಸಿಡಿ ಯಾವಾಗ ಬರ್ತದೆ ಕೇಳ್ತು. ಈಗ ಕೊಟ್ಟದ್ದರಲ್ಲಿ ಎಂತದೂ ಗುರ್ತ ಸಿಕ್ಕುದಿಲ್ವಂತೆ. ಅದ್ರ ಅತ್ತೆ ನನ್ನನ್ನೂ ಭಟ್ರನ್ನೂ ಅದಲು ಬದಲು ಮಾಡಿ ತಿಳ್ಕಂಡದೆ.”

“ಆಮೇಲೆ ಹೇಳ್ತೆ ಅಪ್ಪಾ” ಎಂದು ಶ್ರೀಧರ ಅವಸರದಲ್ಲಿ ಕ್ಯಾರಿಯರ್ ಬಿಚ್ಚತೊಡಗಿದ. ಅಪ್ಪನಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಬೀರಪ್ಪನಿಗೆ ಸನ್ನೆ ಗಿನ್ನೆ ತಿಳಿಯುವ ಅಭ್ಯಾಸವಿರಲಿಲ್ಲ.

“ಆಮೇಲೆ ಎಂತ ಹೇಳುದು? ಅಳಿಸಿದ್ದು ಹೇಳಲಿಲ್ವಾ ನೀನು ತಂಗಿಗೆ?”

ವಿನುತಾಳ ಬಾಯಿ ತೆರೆದದ್ದು ತೆರೆದೇ ಇತ್ತು. “ಎಂತ ಅಳಿಸಿದ್ದು?” ಎಂದಳು.

ಶ್ರೀಧರ ಕ್ಯಾರಿಯರಿನ ಮೇಲಿನ ಡಬ್ಬಿ ಎತ್ತಿ ಪಕ್ಕಕ್ಕಿಟ್ಟ.

“ಶ್ರೀಧರಾ, ಆ ದಿನ ನೀ ಎಂತ ಅಳಿಸಿದೆ?”

“ಬಿಡಿ ಮೇಡಂ. ತಂಗಿ ಮದುವೆದು. ಬೇರೆಯವ್ರದ್ದು ಮುಟ್ಟುಕೆ ಬರುದಿಲ್ವಲ್ಲ, ಅಡ್ವಾನ್ಸ್ ಕೊಟ್ಟವ್ರು. ಒಂದೇ ಫೈಲು, ಅರ್ಧ ತೆಗೀಲಿಕ್ಕೂ ಬರ್ತಿರಲಿಲ್ಲ.”

“ಟೇಪು?”

“ಟೇಪು ನಾವು ಇಡುದಿಲ್ಲ ಮೇಡಂ. ಕಂಪ್ಯೂಟ್ರಿಗೆ ಇಳಿಸಿದ್ಮೇಲೆ ಅದ್ರ ಮೇಲೇ ಮುಂದಿನ ಮದುವೆ. ಎಲ್ಲಾ ಹಂಗೇ ಮಾಡುದು.” ಅವನು ಅನ್ನ ತೆಗೆದವನು ತಟ್ಟೆಗೆ ಹಾಕದೆ ಹಿಡಿದುಕೊಂಡಿದ್ದ. “ನೆಂಟರಿಗೆ ತೋರ್ಸುಕೆ ಅಂತ ಗಡಿಬಿಡೀಲಿ ಒಂದು ಸಿಡಿ ಮಾಡಿದ್ದೆ, ಅದೊಂದದೆ. ಮನೆದ್ದಲ್ವಾ, ಸೀಸನ್ ಮುಗಿದ ಮೇಲೆ ಚಲೋ ಮಾಡಿ ಎಡಿಟ್ ಮಾಡ್ವ ಅಂತ ಮೂಲದ್ದು ಇಟ್ಕಂಡಿದ್ದೆ. ಇರಲಿ. ನಿಮ್ದು ಏಳು ವರ್ಷದ್ದು ಅಂದ್ರಿ. ಒಂದು ಚುಕ್ಕೆನೂ ಹೋಗ್ಬಾರ್ದು ಅಂದ್ರಿ.”

ಆ ಮಾತು ಅವನು ಚುಚ್ಚಬೇಕೆಂದು ಹೇಳಿದ್ದಲ್ಲ. ಮೇಡಂ ಹೇಳಿದ್ದನ್ನು ಅವನು ನಂಬಿದ್ದ, ಅಷ್ಟೇ. ಚುಚ್ಚಿದ್ದರೆ ವಿನುತಾ ತಿರುಗಿ ಏನಾದರೂ ಅಂದುಬಿಡುತ್ತಿದ್ದಳು, ಬಾಯಿಗೆ ಬರವಿರುವ ಹೆಂಗಸೇನಲ್ಲ. ಒತ್ತಾ ಎಂದು ಚೀರಿದ್ದು ತಾನೇ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ಅಳಿಸಬೇಡ” ಎಂದಳು. “ಸಿಡಿ ತಕೋ, ಎಷ್ಟು ಬೇಕೋ ಅಷ್ಟು. ಇದ್ನ ಇದ್ದ ಹಂಗೇ ತುಂಡು ತುಂಡು ಮಾಡಿ ತುಂಬು. ಒಂದೂ ಬಿಡಬೇಡ. ಬಾಲದ್ದು ಮೊದಲು ತುಂಬು.”

ಎದ್ದು ಪಕ್ಕದ ಎಸ್.ಟಿ.ಡಿ. ಬೂತಿಗೆ ಹೋಗಿ ಧಾರವಾಡದ ನಂಬರ್ ತಿರುಗಿಸಿದಳು. ಇನ್ನೊಂದು ಗಳಿಗೆ ತಡೆದರೆ ಮನಸ್ಸು ತಿರುಗೀತೆಂದು ಹೆದರಿಕೆ.

“ಸರ್, ಬಾಲ.”

“ಎಂತ ಬಾಲ?” ಕೃಷ್ಣಾನಂದ ಸರ್ ಊಟದ ಮಧ್ಯದಲ್ಲಿ ಎದ್ದು ಬಂದಿದ್ದರು.

“ಬಾಲವೇ ಮೊದಲು ಸರ್. ನಾನು ಮೊನ್ನೆ ನೋಡಿದ್ದು ಸಿಡಿ. ಅದರಲ್ಲಿ ಕಾಣುದಿಲ್ಲ. ಮೂಲದ್ದರಲ್ಲಿ ಚೆನ್ನಾಗಿ ಕಾಣ್ತದೆ. ಎಲ್ಲ ಚಿತ್ರ ಕಳಿಸ್ತೆ.”

“ಹಾಗಾದರೆ ನಿನ್ನ ಮೂರನೇ ಅಧ್ಯಾಯ?”

“ಹೋಯ್ತು ಸರ್.”

“ಈ ವರ್ಷ ಆಗುದಿಲ್ವಲ್ಲ ವಿನುತಾ.”

“ಆಗುದಿಲ್ಲ ಸರ್.”

“ಅಳ್ತಾ ಇದ್ಯಾ?”

“ಹೌದು ಸರ್” ಎಂದು ಅವಳು ಫೋನಿಟ್ಟಳು.

ಮುಖ ಒರೆಸಿಕೊಂಡು ಅಂಗಡಿಗೆ ತಿರುಗಿ ಬಂದಾಗ ಶ್ರೀಧರ ಮೊದಲನೆಯ ಸಿಡಿ ಹಾಕಿ ಊಟಕ್ಕೆ ಕುಳಿತಿದ್ದ. ಅವಳು ತಪ್ಪಾಯಿತು ಎನ್ನಬಹುದಿತ್ತು. ಎಂದರೂ ಎಂತ ಬಂತು? ಬೀರಪ್ಪನ ಕಡೆ ತಿರುಗಿ, “ಮಾಲಿನಿ ಮದುವೆ ಸಿಡಿ ಇಲ್ಲಿ ಅದ್ಯಾ? ಇದ್ರೆ ನಾನೂ ನೋಡ್ತಿದ್ದೆ” ಎಂದಳು.

ಬೀರಪ್ಪನ ಹುಬ್ಬು ಬಿಚ್ಚಿಕೊಂಡಿತು. ಅವನೇ ಕಪಾಟಿನಿಂದ ಹುಡುಕಿ ತೆಗೆದು, ಮೂಲೆಯ ಟೀವಿಗೆ ಮಗನಿಂದ ಹಾಕಿಸಿ, ಅವಳಿಗೆ ಸ್ಟೂಲು ಎಳೆದುಕೊಟ್ಟ. ಪರದೆಯ ತುಂಬ ಬಣ್ಣದ ಚೌಕಗಳು ಒಂದನ್ನೊಂದು ತಳ್ಳುತ್ತ ಓಡಾಡಿದವು. ಹಸಿರು ಇದ್ದದ್ದು ಚಪ್ಪರ, ಕೆಂಪು ಇದ್ದದ್ದು ಮದುಮಗಳ ಸೀರೆ. ಧಾರೆಯ ಹೊತ್ತು ಬಂದಾಗ ಬೀರಪ್ಪ, “ನಿಲ್ಸು ತಮಾ, ನಿಲ್ಸು” ಎಂದು ಟೀವಿಯ ಹತ್ತಿರವೇ ಹೋಗಿ ಬೆರಳಿಟ್ಟ.

“ಅಕ್ಕೋರೆ, ಇದು ನಾನು.”

ಬೆರಳ ತುದಿಯಲ್ಲಿ ಗೋಧಿ ಬಣ್ಣದ ನಾಲ್ಕೈದು ಚೌಕಗಳಿದ್ದವು.

“ನಮ್ಮನೆದು, ಇವ್ನ ಅಮ್ಮ, ದಿನಾ ಹೇಳುದು, ಮಗಳಿಗೆ ಧಾರೆ ಎರೆವಾಗ ನಿಮ್ಗೆ ಕಣ್ಣಲ್ಲಿ ಒಂದು ಹನಿ ಬರಲಿಲ್ಲ, ನಿಮ್ದು ಕಲ್ಲು ಅಂತ. ಬಂದಿತ್ತು ಅಕ್ಕೋರೆ. ಕೈ ಎರಡೂ ನೀರು ಹೊಯ್ತಿತ್ತಲ್ಲ, ಒರ್ಸುಕೂ ಆಗ್ಲಿಲ್ಲ. ದೊಡ್ಡದರಲ್ಲಿ ಕಂಡಿತ್ತು, ತಮ ತೋರ್ಸಿದ್ದ. ಅವಳಿಗೆ ತೋರಿಸ್ವ ಅಂದ್ರೆ ಅವಳಿಗೆ ಪುರ್ಸೊತ್ತಿಲ್ಲ.” ಅವನು ಬೆರಳನ್ನು ಗಾಜಿನ ಮೇಲೆ ಇನ್ನಷ್ಟು ಒತ್ತಿದ. “ಇಗಾ, ಇಲ್ಲಿ, ಈ ಕಣ್ಣು. ಕಾಣ್ತದ್ಯಾ ನಿಮ್ಗೆ?”

ಶ್ರೀಧರ ತುತ್ತು ಬಾಯಿಗಿಡದೆ ತಲೆ ತಗ್ಗಿಸಿದ. ವಿನುತಾ ಸ್ಟೂಲಿನಿಂದ ಎದ್ದು ಟೀವಿಯ ಹತ್ತಿರ ಹೋಗಿ ಬಗ್ಗಿದಳು. ಕಣ್ಣು ಕಿರಿದು ಮಾಡಿ ನೋಡಿದಳು, ಹಿಗ್ಗಿಸಿ ನೋಡಿದಳು. ಕಣ್ಣೂ ಇರಲಿಲ್ಲ, ಹನಿಯೂ ಇರಲಿಲ್ಲ, ಮುಖವೇ ಇರಲಿಲ್ಲ.

“ಕಾಣ್ತದೆ ಬೀರಪ್ಪಣ್ಣ” ಎಂದಳು. “ಚೆನ್ನಾಗಿ ಕಾಣ್ತದೆ.”

“ಹಾಂ! ಅವಳಿಗೆ ಹೇಳಿ ನೀವು. ಮನೆಗೇ ಬಂದು ಹೇಳಿ. ನಾ ಹೇಳಿದ್ರೆ ನಂಬುದಿಲ್ಲ, ನೀವಾದ್ರೆ ಕಂಡದ್ದನ್ನ ಕಂಡ ಹಾಗೇ ಹೇಳುವವ್ರು” ಎಂದ ಬೀರಪ್ಪ.